ಸಾವನದುರ್ಗದಲ್ಲಿ ಗುಹೆ ಕೊರೆಸಿದ ಸಿನಿಮಾದ ನಿರ್ಮಾಪಕ: ಜಾನ್ ಬ್ರೆಬೋರ್ನ್‌ಗೆ ಮನೆತನ ಕೊಟ್ಟಿದ್ದೆಷ್ಟು, ಸ್ವಂತದ್ದೆಷ್ಟು?

ಬೆಟ್ಟದ ದಾರಿ

ಹೋದ ಭಾನುವಾರ ಗೆಳೆಯರ ಜೊತೆ ಸಾವನದುರ್ಗ ಹತ್ತಿದೆ. ಬಂಡೆಯಲ್ಲಿ ಗುಹೆಯ ಬಾಯಿಯ ಹಾಗೆ ಕೊರೆದ ಜಾಗ ನೋಡಿದೆ. ಅದು ಹೈದರಾಲಿ ಕಾಲದ್ದೂ ಅಲ್ಲ, ಕೆಂಪೇಗೌಡರ ಕಾಲದ್ದೂ ಅಲ್ಲ. ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾಕ್ಕಾಗಿ ನಿರ್ದೇಶಕ ಡೇವಿಡ್ ಲೀನ್ ಅವರ ತಂಡ ಕೊರೆಸಿದ್ದು. ಸಿನಿಮಾ ಬಂದದ್ದು 1984ರಲ್ಲಿ.

ಮನೆಗೆ ಬಂದು ಸಿನಿಮಾ ನೋಡಿದೆ. ನಿರ್ಮಾಪಕರ ಜಾಗದಲ್ಲಿ ಎರಡು ಹೆಸರು: ಜಾನ್ ಬ್ರೆಬೋರ್ನ್, ರಿಚರ್ಡ್ ಗುಡ್‌ವಿನ್. ಬ್ರೆಬೋರ್ನ್ ಯಾರು ಅಂತ ಹುಡುಕಿದರೆ ಒಂದು ರಾತ್ರಿಯೇ ಕಳೆಯಿತು. ಹುಟ್ಟಿದ್ದು 1924ರಲ್ಲಿ, ತೀರಿಕೊಂಡದ್ದು 2005ರಲ್ಲಿ. ಅಪ್ಪ ಬಾಂಬೆ ಗವರ್ನರ್ ಆಗಿದ್ದವರು, ಆಮೇಲೆ ಬಂಗಾಳದ ಗವರ್ನರ್. ಮಾವ ಲಾರ್ಡ್ ಮೌಂಟ್‌ಬ್ಯಾಟನ್, ನಮ್ಮ ಕೊನೆಯ ವೈಸ್‌ರಾಯ್. ಮದುವೆಯಲ್ಲಿ ಮದುಮಗಳ ಜೊತೆ ನಿಂತ ಹುಡುಗಿಯರಲ್ಲಿ ಒಬ್ಬಳು ಮುಂದೆ ರಾಣಿ ಎಲಿಜಬೆತ್ ಆದಳು.

ಹಾಗಾಗಿ ಈ ಪ್ರಶ್ನೆ. ಇಷ್ಟು ದೊಡ್ಡ ಮನೆತನ ಬೆನ್ನಿಗಿದ್ದವನು ಸಿನಿಮಾ ಮಾಡಿದ್ದು ಸಾಧನೆಯೋ, ಬರೀ ಹುಟ್ಟಿನ ಲಾಭವೋ? ತಿಳಿದವರು ಹೇಳಿ.

ನೇರಮಾತು

ನನ್ನ ಪ್ರಕಾರ ಉತ್ತರ ಸುಲಭ. ಹುಟ್ಟಿನ ಲಾಭ. ಒಂದು ಉದಾಹರಣೆ ಕೊಡುತ್ತೇನೆ. ಈ ಬ್ರೆಬೋರ್ನ್ 1960ರಲ್ಲಿ ‘ಸಿಂಕ್ ದಿ ಬಿಸ್ಮಾರ್ಕ್!’ ಅನ್ನುವ ಯುದ್ಧದ ಸಿನಿಮಾ ಮಾಡಿದರು. ಅದಕ್ಕೆ ಬ್ರಿಟಿಷ್ ನೌಕಾಪಡೆಯ ಕೊನೆಯ ಬ್ಯಾಟಲ್‌ಶಿಪ್ ‘ವ್ಯಾನ್‌ಗಾರ್ಡ್’ ಮೇಲೆ ಚಿತ್ರೀಕರಣ ಮಾಡಲು ಅವಕಾಶ ಸಿಕ್ಕಿತು. ಆ ಹಡಗು ಆಮೇಲೆ ಗುಜರಿಗೆ ಹೋಯಿತು. ಮೌಂಟ್‌ಬ್ಯಾಟನ್ 1959ರವರೆಗೆ ನೌಕಾಪಡೆಯ ಮುಖ್ಯಸ್ಥರು. ಆಮೇಲೆ ಮೂರೂ ಪಡೆಗಳ ಮುಖ್ಯಸ್ಥರು. ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಯುದ್ಧನೌಕೆ ಕೇಳಬಹುದು. ಬೇರೆ ಯಾವ ನಿರ್ಮಾಪಕನಿಗೆ ಆ ಭಾಗ್ಯ?

ಹಳೇ ರೀಲು

ನಾನು ಸುಮಾರು ಇಪ್ಪತ್ತೆರಡು ವರ್ಷ ಪ್ರೊಡಕ್ಷನ್ ಕೆಲಸ ಮಾಡಿದವನು. ಕನ್ನಡ ಸಿನಿಮಾ, ಆಮೇಲೆ ಧಾರಾವಾಹಿ. ಹಾಗಾಗಿ ನಿರ್ಮಾಪಕನ ಕಡೆಯಿಂದ ಎರಡು ಮಾತು.

ಹಡಗು ಸಿಕ್ಕಿದ್ದು ಸಂಬಂಧದಿಂದ ಇರಬಹುದು, ಒಪ್ಪುತ್ತೇನೆ. ಆದರೆ ಹಡಗು ಸಿಕ್ಕಿದ ಕೂಡಲೇ ಸಿನಿಮಾ ಆಗುವುದಿಲ್ಲ. ಅವರು ನೇರವಾಗಿ ನಿರ್ಮಾಪಕರ ಕುರ್ಚಿಗೆ ಬಂದವರೂ ಅಲ್ಲ. 1956ರ ‘ದಿ ಬ್ಯಾಟಲ್ ಆಫ್ ದಿ ರಿವರ್ ಪ್ಲೇಟ್’ ಸಿನಿಮಾದಲ್ಲಿ ಅವರ ಕೆಲಸ ಪ್ರೊಡಕ್ಷನ್ ಮ್ಯಾನೇಜರ್. ಆ ಕೆಲಸ ಏನು ಅಂತ ಮಾಡಿದವರಿಗೇ ಗೊತ್ತು. ಬೆಳಗಿನ ಜಾವ ನಾಲ್ಕಕ್ಕೆ ವ್ಯಾನ್ ಬಂತಾ ನೋಡಬೇಕು. ಊಟ ಸಾಲುತ್ತದಾ ನೋಡಬೇಕು. ಮಳೆ ಬಂದರೆ ಒಳಾಂಗಣದ ದೃಶ್ಯ ತಯಾರಿರಬೇಕು. ಸಂಜೆ ಎಲ್ಲರ ಬೈಗುಳ ಕೇಳಬೇಕು. ಒಬ್ಬ ಲಾರ್ಡ್ ಆ ಕೆಲಸ ಕಲಿತು ಮೇಲೆ ಬಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಸ್ವಂತವಾಗಿ ನಿರ್ಮಿಸಿದ ಮೊದಲ ಸಿನಿಮಾಗಳಲ್ಲಿ ಒಂದು ‘ಹ್ಯಾರಿ ಬ್ಲ್ಯಾಕ್’, 1958ರದ್ದು. ಹುಲಿ ಬೇಟೆಗಾರನ ಕಥೆ. ನಾಯಕ ಸ್ಟುವರ್ಟ್ ಗ್ರೇಂಜರ್. ನಮ್ಮ ಐ. ಎಸ್. ಜೋಹರ್ ಅವರಿಗೂ ಒಳ್ಳೆಯ ಪಾತ್ರವಿತ್ತು. ಅದಕ್ಕೂ ಭಾರತಕ್ಕೆ ಬಂದೇ ಚಿತ್ರೀಕರಣ ಮಾಡಿದರು.

ಗ್ಯಾಲರಿ ಅಜ್ಜ

ಒಂದು ಸಣ್ಣ ಪ್ರಶ್ನೆ. ಮುಂಬೈಯ ಬ್ರೆಬೋರ್ನ್ ಕ್ರೀಡಾಂಗಣ ಇವರ ಹೆಸರಿನದೇನಾ?

ಬೆಟ್ಟದ ದಾರಿ

ಇವರದ್ದಲ್ಲ ಅಜ್ಜ, ಇವರ ಅಪ್ಪನದ್ದು. ಮೈಕೇಲ್ ನ್ಯಾಚ್‌ಬುಲ್, ಐದನೇ ಬ್ಯಾರನ್ ಬ್ರೆಬೋರ್ನ್ (ನ್ಯಾಚ್‌ಬುಲ್ ಮನೆತನದ ಹೆಸರು, ಬ್ಯಾರನ್ ಅಂದರೆ ವಂಶದಲ್ಲಿ ಬರುವ ಲಾರ್ಡ್ ಬಿರುದು). 1933ರಿಂದ 1937ರವರೆಗೆ ಬಾಂಬೆ ಗವರ್ನರ್. 1936ರಲ್ಲಿ ಕ್ರೀಡಾಂಗಣದ ಅಡಿಗಲ್ಲು ಇಟ್ಟವರು ಅವರೇ. ಜಾಗ ಕೊಡಿಸಿದ್ದೂ ಅವರ ಸರ್ಕಾರವೇ. ಅಷ್ಟರಲ್ಲಿ ಅವರು ಬಂಗಾಳಕ್ಕೆ ಹೋದರು. 1937ರ ಡಿಸೆಂಬರ್‌ನಲ್ಲಿ ಮೈದಾನ ಶುರುವಾದಾಗ ಬಾಂಬೆಯಲ್ಲಿ ಬೇರೆ ಗವರ್ನರ್ ಇದ್ದರು. ಕೋಲ್ಕತ್ತದಲ್ಲೂ ಅವರ ಹೆಸರಿನ ರಸ್ತೆ ಇದೆ.

ಗ್ಯಾಲರಿ ಅಜ್ಜ

ಧನ್ಯವಾದ. ನಮಗೆ ಆ ಹೆಸರು ಅಂದರೆ 1973ರ ಫೆಬ್ರವರಿಯೇ. ಇಂಗ್ಲೆಂಡ್ ವಿರುದ್ಧದ ಕೊನೆಯ ಟೆಸ್ಟ್. ನಮ್ಮ ವಿಶ್ವನಾಥ್ 113 ಹೊಡೆದರು. ನೂರು ಆದ ಕೂಡಲೇ ಅಷ್ಟುದ್ದದ ಟೋನಿ ಗ್ರೇಗ್ ಬಂದು ವಿಶಿಯನ್ನು ಮಗುವಿನ ಹಾಗೆ ಎತ್ತಿಕೊಂಡು ತೂಗಿದ. ರೇಡಿಯೋದಲ್ಲಿ ಕೇಳಿದ್ದೆವು, ಫೋಟೋ ಆಮೇಲೆ ಪತ್ರಿಕೆಯಲ್ಲಿ ನೋಡಿದೆವು. ಆ ಮೈದಾನಕ್ಕೆ ಹೆಸರು ಕೊಟ್ಟವರ ಮಗ ನಮ್ಮ ಸಾವನದುರ್ಗಕ್ಕೆ ಸಿನಿಮಾ ತಂದರು ಅಂತ ಈಗ ತಿಳಿಯಿತು. ಚರ್ಚೆಯಿಂದ ಆಚೆ ಹೋದೆ, ಮುಂದುವರಿಸಿ.

ಇಂಗ್ಲಿಷ್ ಮೇಡಂ

ಮನೆತನದ ಮಾತು ಬಂತಲ್ವಾ. ಎಲ್ಲರೂ ಗವರ್ನರ್, ವೈಸ್‌ರಾಯ್ ಅಂತ ಆ ಕಡೆಯೇ ನೋಡುತ್ತಿದ್ದೀರಿ. ನನಗೆ ತುಂಬಾ ಇಷ್ಟವಾದ ಎಳೆ ಬೇರೆ.

ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್‌ಗೆ ಎಡ್ವರ್ಡ್ ಅಂತ ಅಣ್ಣ. ಅವನ ದೊಡ್ಡ ಮಗಳು ಫ್ಯಾನಿ ನೈಟ್. ಜೇನ್‌ಗೆ ಈ ಹುಡುಗಿ ಅಂದರೆ ಪ್ರಾಣ. ಪ್ರೀತಿ, ಮದುವೆ ವಿಷಯದಲ್ಲಿ ಫ್ಯಾನಿ ಅತ್ತೆಗೆ ಬರೆದು ಸಲಹೆ ಕೇಳುತ್ತಿದ್ದಳು. ಅತ್ತೆ ಉದ್ದದ ಉತ್ತರ ಬರೆಯುತ್ತಿದ್ದರು. ಫ್ಯಾನಿ ಮುಂದೆ ಕೆಂಟ್ ಸೀಮೆಯ ಸರ್ ಎಡ್ವರ್ಡ್ ನ್ಯಾಚ್‌ಬುಲ್ ಅವರನ್ನು ಮದುವೆಯಾದಳು. ಅವಳ ಮಗನೇ ಮೊದಲ ಬ್ಯಾರನ್ ಬ್ರೆಬೋರ್ನ್. ಬಿರುದು ಬಂದದ್ದು 1880ರಲ್ಲಿ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಆ ಕಾಗದಗಳು ಸಿಕ್ಕವು. ಅವನು 1884ರಲ್ಲಿ ಅವನ್ನು ಎರಡು ಸಂಪುಟ ಮಾಡಿ ಅಚ್ಚು ಹಾಕಿಸಿದ. ಆಸ್ಟಿನ್ ಪತ್ರಗಳ ದೊಡ್ಡ ಭಾಗ ಓದುಗರ ಕೈಗೆ ಮೊದಲು ಬಂದದ್ದು ಹಾಗೆ.

ಆ ಮೊದಲ ಬ್ಯಾರನ್‌ನ ಮರಿಮಗ ನಮ್ಮ ಜಾನ್. ಅಂದರೆ ಫ್ಯಾನಿ ಇವರ ಮುತ್ತಜ್ಜನ ತಾಯಿ.

ಈಗ ಇವರ ಸಿನಿಮಾಗಳ ಪಟ್ಟಿ ನೋಡಿ. ಷೇಕ್ಸ್‌ಪಿಯರ್‌ನ ‘ಒಥೆಲೊ’, ‘ರೋಮಿಯೋ ಅಂಡ್ ಜೂಲಿಯೆಟ್’. ಸ್ಟ್ರಿಂಡ್‌ಬರ್ಗ್ ನಾಟಕ. ಬಿಯಾಟ್ರಿಕ್ಸ್ ಪಾಟರ್ ಮಕ್ಕಳ ಕಥೆಗಳು. ಅಗಾಥಾ ಕ್ರಿಸ್ಟಿಯ ನಾಲ್ಕು ಪತ್ತೇದಾರಿ ಕಾದಂಬರಿ. ಫಾರ್ಸ್ಟರ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’. ಕೊನೆಗೆ 1987ರಲ್ಲಿ ಡಿಕನ್ಸ್‌ನ ‘ಲಿಟ್ಲ್ ಡಾರಿಟ್’, ಸುಮಾರು ಆರು ಗಂಟೆಯ ಸಿನಿಮಾ. ಇವರು ಪುಸ್ತಕದ ಕಪಾಟಿನಿಂದ ಸಿನಿಮಾ ತೆಗೆದ ಮನುಷ್ಯ. ಮನೆತನ ಕೊಟ್ಟದ್ದು ಯುದ್ಧನೌಕೆ ಮಾತ್ರ ಅಲ್ಲ, ಓದು ಕೂಡ.

ನೇರಮಾತು

ಮೇಡಂ, ಚೆನ್ನಾಗಿ ಹೇಳಿದಿರಿ. ಆದರೆ ನೀವು ಹೇಳಿದ್ದೂ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಕಪಾಟು ತುಂಬ ಪುಸ್ತಕ ಇರುವ ಅರಮನೆಯಂಥ ಮನೆ. ಈಟನ್ ಶಾಲೆ. ಆಕ್ಸ್‌ಫರ್ಡ್. ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ರೆಜಿಮೆಂಟ್. ಅದೇ ಕಾಲದಲ್ಲಿ ಲಂಡನ್ನಿನ ಬಡ ಓಣಿಯಲ್ಲಿ ಹುಟ್ಟಿದ ಹುಡುಗನಿಗೂ ಸಿನಿಮಾ ಹುಚ್ಚು ಇದ್ದಿರಬಹುದು. ಅವನ ಹೆಸರು ನಮಗೆ ಗೊತ್ತಿಲ್ಲ.

ಹಳೇ ರೀಲು

ಗೊತ್ತಿದೆ. ಅದೇ ‘ಬಿಸ್ಮಾರ್ಕ್’ ಸಿನಿಮಾದ ನಿರ್ದೇಶಕ ಲೂಯಿಸ್ ಗಿಲ್ಬರ್ಟ್ ಲಂಡನ್ನಿನ ಹ್ಯಾಕ್ನಿಯವರು. ಸಂಗೀತ ನಾಟಕದ ಕಲಾವಿದರ ಮಗ. ಚಿಕ್ಕಂದಿನಲ್ಲೇ ನಟಿಸಿ ದುಡಿದವರು. ಒಂದೇ ಸೆಟ್‌ನಲ್ಲಿ ಲಾರ್ಡ್ ನಿರ್ಮಾಪಕ, ಹ್ಯಾಕ್ನಿಯ ಹುಡುಗ ನಿರ್ದೇಶಕ. ಸಿನಿಮಾದಲ್ಲಿ ಹೀಗೂ ಆಗುತ್ತದೆ.

ಆದರೂ ನಿಮ್ಮ ಮಾತಿನಲ್ಲಿ ನಿಜ ಇದೆ, ತಳ್ಳಿಹಾಕುವುದಿಲ್ಲ. ಒಬ್ಬರಿಗೆ ಬಾಗಿಲು ತೆರೆದೇ ಇರುತ್ತದೆ. ಇನ್ನೊಬ್ಬರು ತಟ್ಟಿ ತಟ್ಟಿ ಕೈ ನೋಯಿಸಿಕೊಳ್ಳಬೇಕು.

ಕೆಂಟ್ ಕನ್ನಡಿಗ

ನಾನು ಕೆಂಟ್‌ನ ಆಶ್‌ಫರ್ಡ್ ಹತ್ತಿರ ಇದ್ದೇನೆ. ಹದಿನಾಲ್ಕು ವರ್ಷ ಆಯಿತು. ಬ್ರೆಬೋರ್ನ್ ಮನೆತನದ ಊರು ಮರ್ಶಮ್ ಇಲ್ಲೇ ಪಕ್ಕ. ಸಣ್ಣ ಹಳ್ಳಿ, ಹಳೆಯ ಚರ್ಚ್, ಸುತ್ತ ಹೊಲ. ಅವರ ಸಿನಿಮಾ ಕಂಪನಿಯ ಹೆಸರೂ ಮರ್ಶಮ್ ಪ್ರೊಡಕ್ಷನ್ಸ್.

‘ಬಾಗಿಲು ತೆರೆದೇ ಇತ್ತು’ ಅಂತ ಓದಿದೆ. ಆ ಮನೆಯೊಳಗೆ ಏನೇನಾಯಿತು ಅನ್ನುವುದನ್ನೂ ಜೊತೆಗೆ ಇಡಬೇಕು ಅನಿಸಿತು.

ಅಪ್ಪ ಮೈಕೇಲ್ 1938ರಲ್ಲಿ ಕೆಲವು ತಿಂಗಳು ಹಂಗಾಮಿ ವೈಸ್‌ರಾಯ್ ಕೂಡ ಆಗಿದ್ದರು. ಮರುವರ್ಷ ಫೆಬ್ರವರಿಯಲ್ಲಿ ಕಲ್ಕತ್ತದಲ್ಲೇ ತೀರಿಕೊಂಡರು. ವಯಸ್ಸು 43. ಜಾನ್‌ಗೆ ಆಗ 14.

ಬಿರುದು ಅಣ್ಣ ನಾರ್ಟನ್‌ಗೆ ಹೋಯಿತು. ಅವನು ಯುದ್ಧಕ್ಕೆ ಹೋದ. ಸೆರೆಸಿಕ್ಕಿ ಇಟಲಿಯಲ್ಲಿದ್ದ. ತಪ್ಪಿಸಿಕೊಳ್ಳಲು ನೋಡಿ ಮತ್ತೆ ಸಿಕ್ಕಿಬಿದ್ದ. 1943ರ ಸೆಪ್ಟೆಂಬರ್‌ನಲ್ಲಿ ನಾಜಿ ಎಸ್‌ಎಸ್ ಪಡೆಯವರು ಅವನನ್ನು ಕೊಂದರು. ಅವನಿಗೆ 21. ಜಾನ್ ಲಾರ್ಡ್ ಆದದ್ದು ಹಾಗೆ, ಹದಿನೆಂಟನೇ ವಯಸ್ಸಿಗೆ, ಅಣ್ಣನ ಸಾವಿನಿಂದ. ಆ ಬಿರುದನ್ನು ‘ಲಾಭ’ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇಂಗ್ಲಿಷ್ ಮೇಡಂ

ಇದು ನನಗೂ ಗೊತ್ತಿರಲಿಲ್ಲ. ಮದುವೆ ಕಥೆಯೂ ಯುದ್ಧದ್ದೇ ಅಲ್ವಾ?

ಕೆಂಟ್ ಕನ್ನಡಿಗ

ಹೌದು. ಮೌಂಟ್‌ಬ್ಯಾಟನ್ ಆಗ್ನೇಯ ಏಷ್ಯಾದ ಸೇನಾ ಮುಖ್ಯಸ್ಥರಾಗಿದ್ದರು. ಕಚೇರಿ ಶ್ರೀಲಂಕಾದ ಕ್ಯಾಂಡಿಯಲ್ಲಿ. ಜಾನ್ ಬಂದದ್ದು ಮೌಂಟ್‌ಬ್ಯಾಟನ್ ಅವರ ಎಡಿಸಿ, ಅಂದರೆ ಆಪ್ತ ಸಹಾಯಕ ಅಧಿಕಾರಿ ಆಗಿ. ಮಗಳು ಪೆಟ್ರಿಷಿಯಾ ನೌಕಾಪಡೆಯ ಮಹಿಳಾ ವಿಭಾಗದಲ್ಲಿ ಅಲ್ಲೇ ಕೆಲಸದಲ್ಲಿದ್ದರು. 1946ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ರಾಮ್ಸಿ ಚರ್ಚಿನಲ್ಲಿ ಮದುವೆ. ಮೌಂಟ್‌ಬ್ಯಾಟನ್ ವೈಸ್‌ರಾಯ್ ಆಗಿ ದೆಹಲಿಗೆ ಬಂದದ್ದು ಮರುವರ್ಷ ಮಾರ್ಚ್‌ನಲ್ಲಿ.

ಎಂಟು ಮಕ್ಕಳು ಹುಟ್ಟಿದರು. ಒಂದು ಗಂಡು ಮಗು ಹುಟ್ಟಿದಾಗಲೇ ಹೋಯಿತು. ಕೊನೆಯವರು ಅವಳಿ ಗಂಡು ಮಕ್ಕಳು, ನಿಕೊಲಸ್ ಮತ್ತು ತಿಮೋಥಿ, 1964ರ ನವೆಂಬರ್‌ನಲ್ಲಿ ಹುಟ್ಟಿದವರು.

1979ರ ಆಗಸ್ಟ್ 27. ಐರ್ಲೆಂಡಿನ ಪಶ್ಚಿಮ ತೀರ, ಸ್ಲೈಗೊ ಜಿಲ್ಲೆಯ ಮಲಮೋರ್ ಅನ್ನುವ ಮೀನುಗಾರರ ಹಳ್ಳಿ. ಮೌಂಟ್‌ಬ್ಯಾಟನ್ ಕುಟುಂಬ ಪ್ರತಿ ಬೇಸಿಗೆಗೆ ಅಲ್ಲಿಗೆ ಹೋಗುತ್ತಿತ್ತು. ಆ ಬೆಳಗ್ಗೆ ‘ಶ್ಯಾಡೋ ಫೈವ್’ ಅನ್ನುವ ದೋಣಿಯಲ್ಲಿ ಏಳು ಜನ ಹೊರಟರು. ಬ್ರಿಟಿಷ್ ಆಡಳಿತದ ವಿರುದ್ಧ ಹೋರಾಡುತ್ತಿದ್ದ ಐರಿಷ್ ಸಶಸ್ತ್ರ ಸಂಘಟನೆ ಐಆರ್‌ಎಯವರು ದೋಣಿಯಲ್ಲಿ ಬಾಂಬ್ ಇಟ್ಟಿದ್ದರು. ಬಂದರಿನಿಂದ ಸ್ವಲ್ಪ ದೂರ ಹೋದ ಮೇಲೆ ಸಿಡಿಸಿದರು. ಮೌಂಟ್‌ಬ್ಯಾಟನ್ ಹೋದರು. ನಿಕೊಲಸ್ ಹೋದ. ದೋಣಿಯ ಕೆಲಸಕ್ಕೆ ಬರುತ್ತಿದ್ದ ಪಾಲ್ ಮ್ಯಾಕ್ಸ್‌ವೆಲ್ ಅನ್ನುವ ಐರಿಷ್ ಹುಡುಗ ಹೋದ, ಅವನಿಗೆ 15. ಜಾನ್ ಅವರ ತಾಯಿ ಡೊರೀನ್‌ಗೆ 83, ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಉಳಿದವರು ಮೂವರೇ: ಜಾನ್, ಪೆಟ್ರಿಷಿಯಾ, ತಿಮೋಥಿ. ಮೂವರಿಗೂ ಭಾರಿ ಗಾಯ.

ನಿಕೊಲಸ್ ಮತ್ತು ಅಜ್ಜಿಯ ಅಂತ್ಯಸಂಸ್ಕಾರ ಮರ್ಶಮ್‌ನಲ್ಲೇ ನಡೆಯಿತು. ಅಪ್ಪ, ಅಮ್ಮ, ಅವಳಿ ತಮ್ಮ, ಮೂವರೂ ಐರ್ಲೆಂಡಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಬರಲು ಆಗಲಿಲ್ಲ.

ಅಪ್ಪ ಹೋದಾಗ ಜಾನ್‌ಗೆ 14. ಮಗ ಹೋದಾಗ ಮಗನಿಗೆ 14. ನಾನು ಮಕ್ಕಳನ್ನು ಶಾಲೆಗೆ ಬಿಡುವಾಗ ಆ ಚರ್ಚ್ ದಾಟಿ ಹೋಗುತ್ತೇನೆ. ಎಷ್ಟೋ ಸಲ ಈ ಲೆಕ್ಕ ನೆನಪಾಗುತ್ತದೆ.

ನೇರಮಾತು

ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನೋವಿಗೆ ಲಾರ್ಡ್, ಕೂಲಿ ಅಂತ ಭೇದ ಇಲ್ಲ. ಆ ಐರಿಷ್ ಹುಡುಗನ ಹೆಸರನ್ನೂ ಹೇಳಿದ್ದಕ್ಕೆ ನಿಮಗೆ ನಮಸ್ಕಾರ. ಎಷ್ಟೋ ಕಡೆ ಮೌಂಟ್‌ಬ್ಯಾಟನ್ ಹೆಸರು ಹೇಳಿ ಮುಗಿಸುತ್ತಾರೆ.

ಹಳೇ ರೀಲು

ಈಗ ನನ್ನ ವಾದ ಮುಂದಿಡುತ್ತೇನೆ. ಆ ಘಟನೆ ಆದದ್ದು 1979ರಲ್ಲಿ. ಈ ಮನುಷ್ಯನ ಮುಂದಿನ ಸಿನಿಮಾ ‘ದಿ ಮಿರರ್ ಕ್ರ್ಯಾಕ್ಡ್’ ಬಂದದ್ದು 1980ರಲ್ಲಿ. ಆಮೇಲೆ 1982ರಲ್ಲಿ ಇನ್ನೊಂದು ಕ್ರಿಸ್ಟಿ ಸಿನಿಮಾ. 1984ರಲ್ಲಿ ‘ಪ್ಯಾಸೇಜ್’. ಎದ್ದು ನಿಂತು ಕೆಲಸಕ್ಕೆ ಬಂದರು. ಗೆಳೆಯ ಗುಡ್‌ವಿನ್ ಜೊತೆಗಿದ್ದರು. ಆದರೂ ಎದ್ದು ಬರಬೇಕಾದವರು ಇವರೇ ತಾನೇ? ಇದಕ್ಕೆ ಯಾವ ಮನೆತನವೂ ಸಹಾಯ ಮಾಡುವುದಿಲ್ಲ.

ಇನ್ನು ಕ್ರಿಸ್ಟಿ ವಿಷಯ. 1960ರ ದಶಕದಲ್ಲಿ ಬಂದ ಕೆಲವು ಸಿನಿಮಾ ನೋಡಿ ಆಕೆಗೆ ಬೇಜಾರಾಗಿತ್ತು. ತಮ್ಮ ಕಾದಂಬರಿ ಸಿನಿಮಾದವರಿಗೆ ಕೊಡಲು ಮನಸ್ಸಿರಲಿಲ್ಲ. ಬ್ರೆಬೋರ್ನ್ ಹೋಗಿ ಒಪ್ಪಿಸಿದರು. 1974ರಲ್ಲಿ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಬಂತು. ಆರು ಆಸ್ಕರ್ ನಾಮನಿರ್ದೇಶನ. ಇಂಗ್ರಿಡ್ ಬರ್ಗ್‌ಮನ್‌ಗೆ ಪ್ರಶಸ್ತಿ. ಲಂಡನ್ನಿನ ಮೊದಲ ಪ್ರದರ್ಶನಕ್ಕೆ ಕ್ರಿಸ್ಟಿ ತಾವೇ ಬಂದಿದ್ದರು. ಒಂದು ರೈಲು, ಹನ್ನೆರಡಕ್ಕಿಂತ ಜಾಸ್ತಿ ದೊಡ್ಡ ನಟರು. ಅಷ್ಟು ಜನರ ಡೇಟ್ಸ್ ಹೊಂದಿಸಿದ್ದು ಯಾರು? ನಿರ್ಮಾಪಕ. ಇಲ್ಲಿ ಇಬ್ಬರು ಸ್ಟಾರ್‌ಗಳ ಡೇಟ್ಸ್ ಹೊಂದಿಸಲು ನಾವು ವರ್ಷ ಕಳೆದಿದ್ದೇವೆ.

ನೇರಮಾತು

ಕ್ರಿಸ್ಟಿ ಅವರನ್ನು ಒಪ್ಪಿಸಲು ಮೌಂಟ್‌ಬ್ಯಾಟನ್ ಕೂಡ ನೆರವಾದರು ಅಂತ ನಾನು ಓದಿದ್ದೇನೆ. ಅದನ್ನೂ ಹೇಳಿ.

ಇಂಗ್ಲಿಷ್ ಮೇಡಂ

ನಿಜ. ಅದರ ಹಿಂದೆ ಇನ್ನೂ ಹಳೆಯ ಕಥೆ ಇದೆ. 1924ರಲ್ಲಿ ಮೌಂಟ್‌ಬ್ಯಾಟನ್ ಇನ್ನೂ ಯುವ ನೌಕಾಧಿಕಾರಿ. ಕ್ರಿಸ್ಟಿಗೆ ಕಾಗದ ಬರೆದು ಪತ್ತೇದಾರಿ ಕಥೆಗೆ ಒಂದು ಉಪಾಯ ಹೇಳಿದರು. 1926ರಲ್ಲಿ ಬಂದ ‘ರೋಜರ್ ಆಕ್ರಾಯ್ಡ್’ ಕಾದಂಬರಿಯಲ್ಲಿ ಅದೇ ತಿರುವು ಬಂತು. ಓದದವರು ಇರಬಹುದು, ಹಾಗಾಗಿ ತಿರುವು ಏನು ಅಂತ ಹೇಳುವುದಿಲ್ಲ. ಅಂದರೆ ಐವತ್ತು ವರ್ಷದ ಹಳೆಯ ಪರಿಚಯ. ಅಳಿಯನಿಗೆ ಅದು ಉಪಯೋಗಕ್ಕೆ ಬಂತು.

ಆದರೆ ಫಾರ್ಸ್ಟರ್ ವಿಷಯಕ್ಕೆ ಬನ್ನಿ. ಅಲ್ಲಿ ಯಾರ ಪರಿಚಯವೂ ನಡೆಯಲಿಲ್ಲ. ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿ ಬಂದದ್ದು 1924ರಲ್ಲಿ, ಜಾನ್ ಹುಟ್ಟಿದ ವರ್ಷವೇ. ಫಾರ್ಸ್ಟರ್‌ಗೆ ಸಿನಿಮಾ ಮೇಲೆ ನಂಬಿಕೆ ಇರಲಿಲ್ಲ. ಸತ್ಯಜಿತ್ ರಾಯ್ ಕೂಡ ಆಸೆ ಪಟ್ಟಿದ್ದರು, ಆಗಲಿಲ್ಲ. ನಾಟಕಕ್ಕೆ ಮಾತ್ರ ಫಾರ್ಸ್ಟರ್ ಒಪ್ಪಿದರು. ಆ ನಾಟಕ ಬರೆದವರು ಶಾಂತಾ ರಾಮ ರಾವ್. ಅವರ ತಂದೆ ಯಾರು ಗೊತ್ತಾ? ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬೆನೆಗಲ್ ರಾಮ ರಾವ್. ನಮ್ಮ ಮಂಗಳೂರಿನ ಮನೆತನ. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ. ಎನ್. ರಾವ್ ಅವರ ತಮ್ಮನ ಮಗಳು ಶಾಂತಾ. ನಾಟಕ 1960ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಡಿತು, 1962ರಲ್ಲಿ ಬ್ರಾಡ್‌ವೇಗೆ ಹೋಯಿತು.

ಬ್ರೆಬೋರ್ನ್ ಸಿನಿಮಾ ಹಕ್ಕಿಗಾಗಿ ಸುಮಾರು ಇಪ್ಪತ್ತು ವರ್ಷ ಕಾದರು. ಫಾರ್ಸ್ಟರ್ 1970ರಲ್ಲಿ ಹೋದರು. ಹಕ್ಕು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಬಂತು. ಕಾಲೇಜು ಕೂಡ ಬೇಗ ಒಪ್ಪಲಿಲ್ಲ. 1981ರಲ್ಲಿ ಒಪ್ಪಿತು. ಒಂದು ಪುಸ್ತಕಕ್ಕಾಗಿ ಎರಡು ದಶಕ! ಓದುವ ಮನುಷ್ಯ ಮಾತ್ರ ಹಾಗೆ ಕಾಯುತ್ತಾನೆ.

ಬೆಟ್ಟದ ದಾರಿ

ಶಾಂತಾ ರಾಮ ರಾವ್ ಹೆಸರು ಸಿನಿಮಾದ ಟೈಟಲ್‌ನಲ್ಲೂ ಇದೆ, ನೋಡಿದೆ. ಮಂಗಳೂರಿನವರು ಅಂತ ಗೊತ್ತಿರಲಿಲ್ಲ. ಶೂಟಿಂಗ್ ಬೆಂಗಳೂರಿನಲ್ಲೇ ಆದದ್ದು ಅದಕ್ಕೇನಾ?

ಹಳೇ ರೀಲು

ಅದಕ್ಕಲ್ಲ. ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಗಯಾ ಹತ್ತಿರದ ಬರಾಬರ್ ಗುಹೆಗಳು. ಲೀನ್ ಹೋಗಿ ನೋಡಿದರು. ಪರದೆ ತುಂಬುವಷ್ಟು ಎತ್ತರ ಅವಕ್ಕಿಲ್ಲ ಅನಿಸಿತು. ರಾಮನಗರದ ಬಂಡೆ, ಸಾವನದುರ್ಗ ನೋಡಿದ ಮೇಲೆ ಇಲ್ಲೇ ಅಂತ ತೀರ್ಮಾನ. ಸಾವನದುರ್ಗ 1,226 ಮೀಟರ್. ಏಕಶಿಲೆ. ಆನೆ ಮೇಲೆ ಕೂತು ಬರುವ ದೃಶ್ಯದ ಹಿಂದೆ ಅಂಥ ಬಂಡೆ ಇದ್ದರೆ ಮಾತೇ ಬೇಕಿಲ್ಲ. ‘ಶೋಲೆ’ ತಂಡ ರಾಮನಗರ ಬಿಟ್ಟು ಹೋಗಿ ಹತ್ತು ವರ್ಷವೂ ಆಗಿರಲಿಲ್ಲ. ಕಥೆಯ ಊರು ಚಂದ್ರಪುರದ ಪೇಟೆಯ ಸೆಟ್ ಹಾಕಿದ್ದು ಬೆಂಗಳೂರು ಅರಮನೆ ಆವರಣದಲ್ಲಿ. ರೈಲಿನ ದೃಶ್ಯ ನೀಲಗಿರಿ ರೈಲಿನದ್ದು. 1983ರ ಕೊನೆಗೆ ಶುರು ಮಾಡಿ ಮರುವರ್ಷದವರೆಗೆ ನಡೆಯಿತು. ಕೊನೆಯ ಭಾಗ ಕಾಶ್ಮೀರದಲ್ಲಿ.

ಆಗ ನಾನು ಇನ್ನೂ ಹುಡುಗ, ಕೆಲಸಕ್ಕೆ ಸೇರಿರಲಿಲ್ಲ. ನಮ್ಮ ಹಿರಿಯ ಲೈಟ್‌ಮನ್ ಒಬ್ಬರು ಅರಮನೆಯ ಆ ಸೆಟ್‌ನಲ್ಲಿ ಕೆಲಸ ಮಾಡಿದ್ದರು. ಅವರು ಹೇಳುತ್ತಿದ್ದದ್ದು ಇಷ್ಟೇ: ಬೆಳಕು ಸರಿಯಾಗುವವರೆಗೆ ಆ ಮುದುಕ ಲೀನ್ ಕ್ಯಾಮೆರಾ ಓಡಿಸುತ್ತಿರಲಿಲ್ಲ, ನಾವು ಕಾಯುತ್ತಾ ಕೂರುತ್ತಿದ್ದೆವು, ಸಂಬಳ ಮಾತ್ರ ಸರಿಯಾಗಿ ಬರುತ್ತಿತ್ತು. ನಿರ್ಮಾಪಕನ ಬಗ್ಗೆ ಕೆಲಸಗಾರ ಹೇಳಬಹುದಾದ ದೊಡ್ಡ ಮಾತು ಅದು.

ಇನ್ನೊಂದು ವಿಷಯ. ಲೀನ್ 1970ರ ‘ರಯಾನ್ಸ್ ಡಾಟರ್’ ಆದ ಮೇಲೆ ಹದಿನಾಲ್ಕು ವರ್ಷ ಒಂದೂ ಸಿನಿಮಾ ತಂದಿರಲಿಲ್ಲ. ವಯಸ್ಸು 75ಕ್ಕೆ ಬಂದಿತ್ತು. ಅಂಥವರ ಮೇಲೆ ಹಣ ಹೂಡಲು ಯಾರಿಗೆ ಧೈರ್ಯ? ಬ್ರೆಬೋರ್ನ್, ಗುಡ್‌ವಿನ್ ಇಬ್ಬರೂ ಸೇರಿ ಹೂಡಿಸಿದರು. 11 ಆಸ್ಕರ್ ನಾಮನಿರ್ದೇಶನ, ಎರಡು ಪ್ರಶಸ್ತಿ: ಪೆಗಿ ಆಶ್‌ಕ್ರಾಫ್ಟ್‌ಗೆ, ಸಂಗೀತದ ಮೊರೀಸ್ ಜಾರ್‌ಗೆ. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಬ್ರೆಬೋರ್ನ್ ಹೆಸರು ಬಂದದ್ದು ಎರಡನೇ ಸಲ. ಮೊದಲನೆಯದು 1968ರ ‘ರೋಮಿಯೋ ಅಂಡ್ ಜೂಲಿಯೆಟ್’.

ನೇರಮಾತು

ಕೆಲಸಗಾರರ ಮಾತು ಒಪ್ಪಿದೆ. ಆದರೆ ಒಂದು ಕಡೆ ನಾನು ಬಿಡುವುದಿಲ್ಲ. ಬಾಂಬೆ ಗವರ್ನರ್ ಮಗ, ವೈಸ್‌ರಾಯ್ ಅಳಿಯ, ಬ್ರಿಟಿಷ್ ಆಡಳಿತದ ಬಗ್ಗೆ ಸಿನಿಮಾ ಮಾಡುತ್ತಾರೆ. ಬ್ರಾಹ್ಮಣ ಪ್ರೊಫೆಸರ್ ಗೋಡ್ಬೋಲೆ ಪಾತ್ರಕ್ಕೆ ಅಲೆಕ್ ಗಿನ್ನೆಸ್ ಅವರ ಮುಖಕ್ಕೆ ಕಂದು ಬಣ್ಣ ಬಳಿಯುತ್ತಾರೆ. ಅಜೀಜ್ ಪಾತ್ರದಲ್ಲಿ ವಿಕ್ಟರ್ ಬ್ಯಾನರ್ಜಿ ಎಷ್ಟು ಚೆನ್ನಾಗಿ ಮಾಡಿದ್ದಾರೆ! ರೋಶನ್ ಸೇಠ್ ಇದ್ದಾರೆ, ಸಯೀದ್ ಜಾಫ್ರಿ ಇದ್ದಾರೆ. ಹಾಗಿದ್ದರೆ ಗೋಡ್ಬೋಲೆಗೆ ಒಬ್ಬ ಭಾರತೀಯ ಸಿಗಲಿಲ್ಲವಾ? ಆಗ ಬ್ರಿಟನ್ನಿನಲ್ಲಿ ಹಳೆಯ ರಾಜ್ ನೆನಪಿನ ಸಿನಿಮಾ, ಧಾರಾವಾಹಿಗಳ ಸಾಲೇ ಬರುತ್ತಿತ್ತು. ಸಲ್ಮಾನ್ ರಶ್ದಿ 1984ರಲ್ಲೇ ಇದನ್ನು ಕಟುವಾಗಿ ಬರೆದಿದ್ದರು. ಮನೆತನ ಅಂದರೆ ಬಾಗಿಲು ತೆರೆಯುವ ಕೈ ಮಾತ್ರ ಅಲ್ಲ. ಯಾವ ಕಿಟಕಿಯಿಂದ ನೋಡುತ್ತೇವೆ ಅನ್ನುವುದೂ ಹೌದು.

ಇಂಗ್ಲಿಷ್ ಮೇಡಂ

ಗಿನ್ನೆಸ್ ಬಗ್ಗೆ ನಿಮ್ಮ ಜೊತೆಗಿದ್ದೇನೆ. ಅದು ತಪ್ಪು. ಆಗಲೂ ತಪ್ಪು, ಈಗಲೂ ತಪ್ಪು.

ಆದರೆ ಒಂದು ಮಾತು ಕೇಳಿ. ಈ ಕಾದಂಬರಿ ಯಾರ ವಿರುದ್ಧ ಇದೆ? ಕ್ಲಬ್ಬಿನಲ್ಲಿ ಕೂತು ಭಾರತೀಯರನ್ನು ಹೀಗಳೆಯುವ ಕಲೆಕ್ಟರ್‌ಗಳ, ಮ್ಯಾಜಿಸ್ಟ್ರೇಟ್‌ಗಳ ವಿರುದ್ಧ. ಅಂದರೆ ಬ್ರೆಬೋರ್ನ್ ಅವರ ಅಪ್ಪ ಯಾವ ಆಡಳಿತದ ತುದಿಯಲ್ಲಿದ್ದರೋ ಆ ಆಡಳಿತದ ವಿರುದ್ಧ. ಗವರ್ನರ್ ಮಗ ತನ್ನ ಜೀವನದ ಇಪ್ಪತ್ತು ವರ್ಷ ಬೆನ್ನುಹತ್ತಿದ್ದು ಆ ಪುಸ್ತಕವನ್ನು. ಅಪ್ಪನ ವೈಭವ ತೋರಿಸುವ ಬೇರೆ ಪುಸ್ತಕಗಳು ಬೇಕಾದಷ್ಟಿದ್ದವು. ನೀವು ಹೇಳಿದ ಕಿಟಕಿ ನಿಜ. ಅವರು ಆ ಕಿಟಕಿಯಿಂದ ತಮ್ಮ ಮನೆಯನ್ನೇ ನೋಡಲು ಒಪ್ಪಿದರು ಅಂತ ನಾನು ಓದುತ್ತೇನೆ.

ನೇರಮಾತು

ಈ ಕೋನದಲ್ಲಿ ನಾನು ನೋಡಿರಲಿಲ್ಲ. ಪೂರ್ತಿ ಒಪ್ಪಿದೆ ಅಂತ ಹೇಳಲಾರೆ. ಲೀನ್ ಸಿನಿಮಾದಲ್ಲಿ ಪುಸ್ತಕದ ಖಾರ ಕಡಿಮೆಯಾಗಿದೆ. ಕೊನೆಯನ್ನು ಮೃದು ಮಾಡಿದ್ದಾರೆ. ಪುಸ್ತಕದ ಕೊನೆಯಲ್ಲಿ ಕುದುರೆಗಳೇ ಬೇರೆ ಬೇರೆ ದಾರಿ ಹಿಡಿಯುತ್ತವೆ, ಸ್ನೇಹ ಈಗಲೇ ಬೇಡ ಅಂತ ನೆಲವೇ ಹೇಳುತ್ತದೆ. ಸಿನಿಮಾದಲ್ಲಿ ಆ ಕಹಿ ಇಲ್ಲ. ಆದರೆ ಮನುಷ್ಯನ ಬಗ್ಗೆ ಮೊದಲು ಬರೆದ ‘ಬರೀ ಹುಟ್ಟಿನ ಲಾಭ’ ಅನ್ನುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಗ್ಯಾಲರಿ ಅಜ್ಜ

ಆ ಅವಳಿ ತಮ್ಮ, ಉಳಿದ ಹುಡುಗ, ಏನಾದ?

ಕೆಂಟ್ ಕನ್ನಡಿಗ

ತಿಮೋಥಿ ನ್ಯಾಚ್‌ಬುಲ್ ಬದುಕಿದ್ದಾರೆ ಅಜ್ಜ. ದೊಡ್ಡವರಾದ ಮೇಲೆ ಮಲಮೋರ್‌ಗೆ ಮತ್ತೆ ಮತ್ತೆ ಹೋದರು. ಅವತ್ತು ಅವರನ್ನು ನೀರಿನಿಂದ ಎತ್ತಿದವರನ್ನು, ಊರಿನವರನ್ನು ಹುಡುಕಿ ಮಾತಾಡಿಸಿದರು. 2009ರಲ್ಲಿ ಆ ದಿನದ ಬಗ್ಗೆ ಪುಸ್ತಕ ಬರೆದರು. ಬಾಂಬ್ ಇಟ್ಟದ್ದಕ್ಕೆ ಶಿಕ್ಷೆಯಾದವನು 1998ರ ಶಾಂತಿ ಒಪ್ಪಂದದ ಪ್ರಕಾರ ಬಿಡುಗಡೆಯಾದ. ತಿಮೋಥಿ ಅವನ ಮೇಲೆ ದ್ವೇಷ ಸಾಧಿಸಲಿಲ್ಲ. ತಾಯಿ ಪೆಟ್ರಿಷಿಯಾ ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರ ಸಂಘಗಳ ಜೊತೆ ನಿಂತರು. 2017ರಲ್ಲಿ ತೀರಿಕೊಂಡರು.

ಬೆಟ್ಟದ ದಾರಿ

ನಾನು ಗುಹೆಯ ಬಾಯಿ ನೋಡಿ ಶುರು ಮಾಡಿದ್ದು, ಎಲ್ಲಿಂದ ಎಲ್ಲಿಗೋ ಬಂದೆವು. ಮುಂದಿನ ತಿಂಗಳು ಮತ್ತೆ ಸಾವನದುರ್ಗಕ್ಕೆ ಹೋಗುತ್ತೇವೆ. ಹಳೇ ರೀಲು ಅವರೇ, ಆ ಲೈಟ್‌ಮನ್ ಇದ್ದಾರಾ? ಇದ್ದರೆ ಜೊತೆಗೆ ಕರೆತನ್ನಿ. ಬೆಟ್ಟ ಹತ್ತುವುದು ಬೇಡ, ಕೆಳಗೆ ಕೂತು ಆ ಸೆಟ್ಟಿನ ಕಥೆ ಹೇಳಲಿ.

ಹಳೇ ರೀಲು

ಇದ್ದಾರೆ. ಎಪ್ಪತ್ತೆಂಟು. ಮಂಡಿ ನೋವು, ನೆನಪು ಮಾತ್ರ ಗಟ್ಟಿ. ಕೇಳಿ ಹೇಳುತ್ತೇನೆ.